ತವರಿನ ದಾರಿಯಲ್ಲಿ ನಿಲ್ಲುವ ಬೈಕು

ನಮ್ಮ ಬೈಕು ಸಾಗರದಲ್ಲಿ ಎಂದೂ ನಿಂತದ್ದಿಲ್ಲ. ನನ್ನ ಗಂಡ ದಿನಾ ಅದರಲ್ಲೇ ಅಡಿಕೆ ಮಂಡಿಯ ಕೆಲಸಕ್ಕೆ ಹೋಗಿಬರುತ್ತಾರೆ. ರಜೆಯ ದಿನ ಇಬ್ಬರೂ ಪಕ್ಕದ ವರದಹಳ್ಳಿಗೆ ಹೋಗುತ್ತೇವೆ. ಒಂದು ಸಲವೂ ತಕರಾರಿಲ್ಲ. ಆದರೆ ಈಚೆಗೆ ಕೆಲವು ತಿಂಗಳಿಂದ ಮೇಗರವಳ್ಳಿಯ ನನ್ನ ತವರಿಗೆ ಹೊರಟೆವೋ, ಹೊಸನಗರ ದಾಟಿ ತೀರ್ಥಹಳ್ಳಿ ಮುಟ್ಟುವುದರೊಳಗೆ ಎಲ್ಲಾದರೊಂದು ಕಡೆ ಗೊರಗೊರ ಅಂದು ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕಿಕ್ ಹೊಡೆದರೆ ಏನೂ ಆಗದ ಹಾಗೆ ಚಾಲೂ! ಅಷ್ಟರಲ್ಲಿ ಗಂಡ ಬೈಕಿನ ಮೂತಿಯನ್ನು ಸಾಗರದ ಕಡೆ ತಿರುಗಿಸಿರುತ್ತಾರೆ.

"ಮುಂದೆ ಕಾಡಲ್ಲಿ ಕೈಕೊಟ್ರೆ ಎಂತ ಮಾಡ್ತೀಯ ಮಾರಾಯ್ತಿ? ವಾಪಸ್ ಹೋಗಾಣ."

ವಾಪಸ್ ಬರುವಾಗ ಹೊಸನಗರದಲ್ಲಿ ಇಳಿದು ನಿಧಾನಕ್ಕೆ ಟೀ ಕುಡಿಯುತ್ತಿದ್ದೆವು. ಆಮೇಲೆ ಅದು ಮನೆಯವರೆಗೆ ಚೆನ್ನಾಗಿಯೇ ಬರುತ್ತಿತ್ತು. ಬಸ್ಸಿಗೆ ಹೋಗೋಣ ಅಂದರೆ, ಮನೆಯಲ್ಲಿ ಗಾಡಿ ಇಟ್ಟುಕೊಂಡು ಬಸ್ಸು ಯಾಕೆ ಅನ್ನುತ್ತಿದ್ದರು. ಮೆಕ್ಯಾನಿಕ್ ನೋಡಿ, ಎಲ್ಲ ಸರಿ ಇದೆ ಅಂದ. ನನ್ನ ತಲೆಯೊಳಗೆ ಹುಳ ಹೊಕ್ಕಿತು. ಕೆಟ್ಟಿರುವುದು ಬೈಕೋ, ಇಲ್ಲಾ ನನ್ನ ಗಂಡ ನನಗೆ ಸುಳ್ಳು ಹೇಳುತ್ತಿದ್ದಾರೋ? ಹ್ಯಾಂಡಲ್ಲಿನ ಬಲಗಡೆ ಎಂಜಿನ್ ಆಫ್ ಮಾಡುವ ಕೆಂಪು ಸ್ವಿಚ್ಚಿದೆ. ಹೆಬ್ಬೆರಳಿನಿಂದ ಒಂಚೂರು ಒತ್ತಿದರೆ ಸಾಕು, ಹಿಂದೆ ಕೂತವಳಿಗೆ ಏನು ಗೊತ್ತಾಗುತ್ತದೆ?

ಆದರೆ ಯಾಕೆ ಸುಳ್ಳು ಹೇಳಬೇಕು? ತವರಿನಲ್ಲಿ ಇವರಿಗೆ ಯಾರೂ ಏನೂ ಅಂದಿಲ್ಲ. ಅಪ್ಪನಂತೂ ಅಳಿಯ ಬಂದ ತಕ್ಷಣ ಹೆಗಲ ಮೇಲೆ ಕೈ ಹಾಕಿ ಕೊಟ್ಟಿಗೆ ಹಿಂದಕ್ಕೆ ಕರೆದುಕೊಂಡು ಹೋಗಿ ಗಂಟೆಗಟ್ಟಲೆ ಮಾತಾಡುತ್ತಾರೆ. ನನಗೆ ಅದನ್ನು ನೋಡಿದರೆ ಹೆಮ್ಮೆ. ಮಾವ ಅಳಿಯ ಇಷ್ಟು ಚೆನ್ನಾಗಿರುವುದು ಎಷ್ಟು ಮನೆಯಲ್ಲಿ ಉಂಟು?

ನಾನು ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಸಹಾಯಕಿ. ಮಲ್ಟಿಮೀಟರ್ ಹಿಡಿಯುವುದು ನನಗೆ ಸಟ್ಟುಗ ಹಿಡಿದಷ್ಟೇ ಸಲೀಸು. ಎರಡು ಕಡ್ಡಿ ತಾಗಿಸಿದರೆ ತಂತಿ ಒಳಗೆ ಕಡಿದಿದೆಯೋ ಇಲ್ಲವೋ ಅಂತ ಹೇಳುವ ಅಂಗೈಯಗಲದ ಹಳದಿ ಡಬ್ಬಿ ಅದು. ಲ್ಯಾಬಿನ ಮೇಡಂ ಹತ್ತಿರ ಕೇಳಿ ಒಂದನ್ನು ಮನೆಗೆ ತಂದೆ. ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋದಾಗ ಬೈಕಿನ ಸೀಟು ಬಿಚ್ಚಿ, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತೆ.

ಪ್ಲಗ್ಗಿನ ಕ್ಯಾಪ್ ಸರಿ. ಇಗ್ನಿಷನ್ ಕಾಯಿಲ್ ಸರಿ. ಎಂಜಿನ್ನಿನ ಒಳಗೆ ಕೂತು ಕಿಡಿ ಯಾವಾಗ ಹಾರಬೇಕು ಅಂತ ಹೇಳುವ ಪಿಕಪ್ ಕಾಯಿಲ್ ಅಂತ ಒಂದಿದೆ, ಅದೂ ಸರಿ. ಕೆಂಪು ಸ್ವಿಚ್ಚಿಗೆ ಕಡ್ಡಿ ಇಟ್ಟರೆ ಮೀಟರು ಕೀಂ ಅಂತ ಅಚ್ಚುಕಟ್ಟಾಗಿ ಕೂಗಿತು. ಯಾವುದರಲ್ಲೂ ಒಂದು ಕೊಂಕಿಲ್ಲ. ನನಗೆ ಸಂತೋಷ ಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಬೈಕು ಸರಿ ಇದೆ ಅಂದರೆ ಗಂಡ ಸರಿ ಇಲ್ಲ ಅಂತ ತಾನೇ ಅರ್ಥ?

ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದವರನ್ನು ನೇರವಾಗಿ ಕೇಳಿಯೇಬಿಟ್ಟೆ. "ರೀ, ಸ್ವಿಚ್ ಆಫ್ ಮಾಡೋದು ನೀವೇ ಅಲ್ವಾ?"

"ಎಂತಕ್ಕೆ ಮಾಡ್ಲಿ ನಾನು?" ಅಂದರು, ಅಷ್ಟೇ. ತಿಂಡಿಗೆ ಕೂತರು. ಸುಳ್ಳು ಆಪಾದನೆಯಾದರೆ ಮನುಷ್ಯ ಕೂಗಾಡಬೇಡವೇ? ಇವರು ದೋಸೆ ಮುರಿದುಕೊಂಡು ತಿನ್ನುತ್ತಿದ್ದಾರೆ! ನನ್ನ ಗೊಂದಲ ಇನ್ನೂ ಹೆಚ್ಚಿತು.

ಮುಂದಿನ ಸಲ ತವರಿಗೆ ಹೊರಟಾಗ ಮೀಟರನ್ನು ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡೆ. ಹೊಸನಗರ ದಾಟಿದ ಮೇಲೆ ದಾರಿ ನೋಡಲಿಲ್ಲ, ಅವರ ಬಲಗೈ ಹೆಬ್ಬೆರಳನ್ನೇ ನೋಡುತ್ತಾ ಕೂತೆ. ಕತ್ತು ಉಳುಕುವ ಹಾಗಾಯಿತು. ಬೆರಳು ಅಲುಗಲಿಲ್ಲ. ಬೈಕು ನಿಂತಿತು.

ಸೀಟು ತೆಗೆದು, ಎಂಜಿನ್ನಿನ ಬಿಸಿಗೆ ಕಾಲು ಸುಟ್ಟುಕೊಂಡು, ಪಿಕಪ್ ಕಾಯಿಲಿನ ತಂತಿಗೆ ಕಡ್ಡಿ ತಾಗಿಸಿದೆ. ಮೀಟರಿನ ಎಡ ಮೂಲೆಯಲ್ಲಿ ಒಂದು ಅನ್ನುವ ಅಂಕಿ ಒಂಟಿಯಾಗಿ ನಿಂತಿತು. ತಂತಿ ಕಡಿದಿದ್ದರೆ ಮಾತ್ರ ಹಾಗೆ ಬರುತ್ತದೆ. ಮೀಟರೇ ಕೆಟ್ಟಿತೇನೋ ಅಂತ ಕಡ್ಡಿಗೆ ಕಡ್ಡಿ ತಾಗಿಸಿದೆ, ಕೀಂ ಅಂದಿತು. ಮತ್ತೆ ಕಾಯಿಲಿಗೆ ಇಟ್ಟೆ, ಮತ್ತೆ ಅದೇ ಒಂದು. ಎಂಜಿನ್ ಆರುವವರೆಗೆ ಹಾಗೇ ಹಿಡಿದುಕೊಂಡು ಕೂತೆ. ಆರಿದ ಮೇಲೆ, ಮನೆಯಲ್ಲಿ ತೋರಿಸಿದ ಅಂಕಿಯೇ ಮೆಲ್ಲಗೆ ಬಂದು ಕೂತಿತು. ಬಿಸಿಯಾದಾಗ ಒಳಗಿನ ಎಳೆ ಬಿಟ್ಟುಕೊಳ್ಳುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಸಾಗರದ ಸುತ್ತಮುತ್ತಲ ಓಡಾಟಕ್ಕೆ ಅದು ಅಷ್ಟು ಬಿಸಿಯೇ ಆಗುವುದಿಲ್ಲ. ಯಾವ ವಸ್ತುವನ್ನೂ ಬಿಸಿ ಇರುವಾಗ ಅಳೆಯಬೇಡಿ ಅಂತ ಲ್ಯಾಬಿನಲ್ಲಿ ಹುಡುಗರಿಗೆ ದಿನಾ ಹೇಳುವವಳು ನಾನು. ಅದೇ ಅಭ್ಯಾಸದಲ್ಲಿ ತಣ್ಣಗಿದ್ದ ಬೈಕನ್ನು ಅಳೆದು ಗಂಡನನ್ನು ಸುಳ್ಳುಗಾರ ಮಾಡಿದ್ದೆ.

"ತಪ್ಪಾಯ್ತು ರೀ," ಅಂದೆ. ಖುಷಿಗೆ ಕಣ್ಣಲ್ಲಿ ನೀರೇ ಬಂತು. ಅವರು ನಗಲಿಲ್ಲ.

"ಹೊಸ ಕಾಯಿಲ್ ಹಾಕ್ಸಿದ್ರೆ ಇನ್ನು ನಿಲ್ಲೋದೇ ಇಲ್ವಾ?"

"ಇಲ್ಲ."

"ಹೌದಾ," ಅಂದು ಬೇರೆ ಕಡೆ ನೋಡಿದರು. ರಿಪೇರಿ ಆಗುತ್ತದೆ ಅಂದರೆ ಯಾರಾದರೂ ಮುಖ ಬಾಡಿಸಿಕೊಳ್ಳುತ್ತಾರೆಯೇ? ಈ ಮನುಷ್ಯ ನನಗೆ ಅರ್ಥವೇ ಆಗಲಿಲ್ಲ.

ಅವತ್ತೂ ವಾಪಸ್ ಬಂದು, ಹೊಸ ಕಾಯಿಲ್ ಹಾಕಿಸಿದ ಮೇಲೆ ಮತ್ತೆ ಹೊರಟೆವು. ಹೊಸನಗರ ದಾಟಿತು, ಬೈಕು ನಿಲ್ಲಲಿಲ್ಲ. ತೀರ್ಥಹಳ್ಳಿ ಪೇಟೆ ದಾಟಿತು, ನಿಲ್ಲಲಿಲ್ಲ. ನನಗೋ ಕೂತಲ್ಲೇ ಕುಣಿಯುವಷ್ಟು ಸಂಭ್ರಮ. ಮೇಗರವಳ್ಳಿ ಇನ್ನೇನು ಬಂತು ಅನ್ನುವಾಗ ವೇಗ ಇಳಿಯಿತು. ಅವರು ಬೈಕನ್ನು ರಸ್ತೆ ಬದಿಗೆ ತಂದು ಕೀ ತಿರುಗಿಸಿ ಆಫ್ ಮಾಡಿದರು. ನಾನು ಗಡಿಬಿಡಿಯಲ್ಲಿ ಮೀಟರಿಗೆ ಬ್ಯಾಗಿನೊಳಗೆ ಕೈ ಹಾಕಿದೆ.

"ಅದು ಬ್ಯಾಡ. ಗಾಡಿ ಸರಿ ಇದೆ," ಅಂದರು. ಕೆಳಗೆ ನೋಡುತ್ತಾ ಹೇಳಿದರು. "ಸ್ವಿಚ್ ನಾನು ಯಾವತ್ತೂ ಮುಟ್ಟಿಲ್ಲ ಕಣೇ. ದೇವ್ರಾಣೆ. ಆದ್ರೆ ಪ್ರತಿ ಸಲ ನಿಂತಾಗ್ಲೂ, ಸದ್ಯ, ಅನ್ನಿಸ್ತಿತ್ತು."

"ಯಾಕೆ?"

"ನಿಮ್ಮಪ್ಪ ಕೊಟ್ಟಿಗೆ ಹಿಂದೆ ಕರ್ಕಂಡು ಹೋಗಿ ಎಂತ ಮಾತಾಡ್ತಾರೆ ಅಂತ ಅಂದ್ಕಂಡಿದೀಯ? ಡಾಕ್ಟ್ರು ಎಂತ ಅಂದ್ರು, ತೊಂದ್ರೆ ನಿಮ್ದೇನಾ, ಅಂತ ಕೇಳ್ತಾರೆ. ಯಾರೋ ಪಂಡಿತ್ರ ಹತ್ರ ತಂದ ಪುಡಿ ಜೇಬಿಗೆ ಹಾಕ್ತಾರೆ. ಅವ್ಳಿಗೆ ಹೇಳ್ಬ್ಯಾಡಿ, ಬೇಜಾರ್ ಮಾಡ್ಕತಾಳೆ ಅಂತಾರೆ. ನಾನು ಹೂಂ ಅಂತೀನಿ."

ನಮಗೆ ಮಕ್ಕಳಾಗಿಲ್ಲ. ಶಿವಮೊಗ್ಗದಲ್ಲಿ ಇಬ್ಬರಿಗೂ ಎಲ್ಲ ಪರೀಕ್ಷೆ ಆಗಿದೆ. ಇಬ್ಬರಲ್ಲೂ ಏನೂ ತೊಂದರೆ ಇಲ್ಲವಂತೆ, ಮತ್ತೆ ಯಾಕೆ ಆಗುತ್ತಿಲ್ಲವೋ ಡಾಕ್ಟರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅದರ ದುಃಖ ನನ್ನೊಬ್ಬಳದೇ ಅಂದುಕೊಂಡಿದ್ದೆ. ಇವರು ಜೇಬಿನಲ್ಲಿ ಪುಡಿಯ ಪೊಟ್ಟಣ ಇಟ್ಟುಕೊಂಡು ನನ್ನ ಜೊತೆ ನಗುತ್ತಾ ವಾಪಸ್ ಬರುತ್ತಿದ್ದರಲ್ಲ! ಅಪ್ಪನ ಮೇಲೆ ಸಿಟ್ಟು ಬಂತು, ಇಷ್ಟು ದಿನ ಬಾಯಿ ಬಿಡದ ಇವರ ಮೇಲೆ ಬಂತು, ಯಾರ ಮೇಲೆ ಎಷ್ಟು ಅಂತ ತಿಳಿಯಲಿಲ್ಲ. ಅಪ್ಪ ಕೆಟ್ಟವರಲ್ಲ, ಅದಕ್ಕೇ ಇನ್ನೂ ಸಂಕಟ.

ಫೋನು ಹೊಡೆದುಕೊಂಡಿತು. ಅಮ್ಮ. ಅಡಿಗೆ ಮಾಡಿಟ್ಟು ಕಾಯುತ್ತಿದ್ದಳು.

"ಎಲ್ಲಿದೀರಿ ಮಗಾ? ಬೈಕು ಮತ್ತೆ ಕೈಕೊಡ್ತಾ?"

ಗಂಡ ನನ್ನ ಮುಖ ನೋಡಿದರು. ಹೂಂ ಅಂದುಬಿಡು ಅನ್ನುವ ಹಾಗೆ ತಲೆ ಆಡಿಸಿದರು.

"ಇಲ್ಲಮ್ಮ, ಬೈಕು ಸರಿ ಇದೆ," ಅಂದೆ. "ಅಪ್ಪಂಗೆ ಕೊಡು ಫೋನು."