ಬೀಗ ಹಾಕಿದ ಫೋನು, ನನ್ನ ತೋರುಬೆರಳು

ಮೊನ್ನೆ ಮೊಮ್ಮಗಳು ಮೊಬೈಲು ಹಿಡಿದುಕೊಂಡು ಅಳುಮೋರೆ ಮಾಡಿ ಬಂದಳು. ಪಾಸ್‌ವರ್ಡ್ ಮರೆತಿದ್ದಾಳೆ, ಫೋನು ಅವಳನ್ನು ಒಳಗೇ ಬಿಡುತ್ತಿಲ್ಲ. ಮನೆಯವರೆಲ್ಲ ಅದರ ಸುತ್ತ ತಲೆ ಸೇರಿಸಿ ಕೂತರು. ನಾನು ಮಾತ್ರ ಚಹಾ ಹೀರುತ್ತ, "ಬೀಗ ಹಾಕಿದ ಫೋನನ್ನ ಪಳಗಿಸೋದ್ರಲ್ಲಿ ಮುಂಬಯಿಯ ಮುಲುಂಡಲ್ಲಿ ನನ್ನ ಮೀರಿಸಿದೋರು ಹುಟ್ಟಿರಲಿಲ್ಲ" ಎಂದೆ.

"ತಾತ, ಕುಛ್ ಭೀ! ನಿಮ್ ಟೈಮಲ್ಲಿ ಫೋನ್‌ಗೆ ಲಾಕ್ ಎಲ್ಲಿತ್ತು?"

ಇತ್ತು. ಹಿತ್ತಾಳೆಯದು, ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು.

ಎಂಬತ್ತರ ದಶಕದ ಮಾತು. ನಾನು ಮೈಸೂರಿನಿಂದ ಬಂದು ಮುಂಬಯಿಯಲ್ಲಿ ನೌಕರಿ ಹಿಡಿದಿದ್ದೆ. ನಮ್ಮ ಬಿಲ್ಡಿಂಗಿಗೆಲ್ಲ ಇದ್ದದ್ದು ಒಂದೇ ಫೋನು, ಅದೂ ನಮ್ಮ ಎದುರು ಬಾಗಿಲಿನ ಧಾರವಾಡದ ಕಾಕಾನ ಮನೆಯಲ್ಲಿ. ಕಾಕಾ ಬಟ್ಟೆ ವ್ಯಾಪಾರಿ. ಮಗಳು ಲಂಗ ಉಡುವಾಗ ಹಾಕಿದ ಅರ್ಜಿಗೆ ಅವಳು ಸೀರೆ ಉಡುವ ಹೊತ್ತಿಗೆ ಫೋನು ಬಂದಿತ್ತು. ಕಪ್ಪಗೆ, ಕೂಸಿನಷ್ಟು ಭಾರ. ಅವರ ಹೆಂಡತಿ ಕಾಕು ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿ ದೇವರ ಗೂಡಿನ ಪಕ್ಕದಲ್ಲೇ ಇಟ್ಟಿದ್ದರು. ಅದರ ಗಂಟೆ ಬಾರಿಸಿದರೆ ನಾಲ್ಕನೇ ಮಹಡಿಯವರೂ ಬಾಗಿಲಿಗೆ ಬಂದು, "ಕೋಣಾಚಾ?" ಯಾರಿಗೆ ಬಂದದ್ದು ಎಂದು ಮರಾಠಿಯಲ್ಲಿ ಮೆಟ್ಟಿಲ ಸಂದಿಯಲ್ಲಿ ಕೂಗುತ್ತಿದ್ದರು. ಒಬ್ಬರಿಗೆ ಬಂದ ಸುದ್ದಿ ಎಲ್ಲರ ಮನೆಗೂ ಬಂದ ಸುದ್ದಿ. ಈಗ ನಮ್ಮ ಮನೆಯಲ್ಲಿ ತಲೆಗೊಂದು ಫೋನಿದೆ, ಪಕ್ಕದ ಮನೆಯಲ್ಲಿ ಯಾರಿದ್ದಾರೆಂದು ಗೊತ್ತಿಲ್ಲ.

ಬಿಲ್ಡಿಂಗಿನವರೆಲ್ಲ ಫೋನ್ ಮಾಡಲು ಸಾಲುಗಟ್ಟಿದಾಗ ಕಾಕಾ ಆ ಬೀಗ ತಂದರು. ನಂಬರು ತಿರುಗಿಸುವ ಚಕ್ರದ ತೂತಿಗೆ ಅದನ್ನು ಜಡಿದರೆ ಮುಗಿಯಿತು, ಚಕ್ರ ತಿರುಗದು. ಬಂದ ಫೋನು ಎತ್ತಬಹುದು, ಹೊರಗೆ ಮಾಡುವಂತಿಲ್ಲ. ಬೀಗದ ಕೈ ಕಾಕಾನ ಜನಿವಾರದಲ್ಲಿ.

"ಕಾಕಾ, ಅರ್ಜೆಂಟಾಗಿ ಒಂದು ಫೋನ್ ಮಾಡ್ಬೇಕಿತ್ತು."

"ಅರ್ಜೆಂಟ್ ಇದ್ರ ಟ್ಯಾಕ್ಸಿ ಮಾಡ್ಕೊಂಡು ಹೋಗಪಾ, ಲಗೂ ಮುಟ್ಟತಿ."

ಇಂಥ ಉತ್ತರ ಕೇಳಿ ಸುಮ್ಮನಿರುವ ಜಾತಿ ನನ್ನದಲ್ಲ. ಫೋರ್ಟ್ ಏರಿಯಾದ ನಮ್ಮ ಆಫೀಸಿನಲ್ಲೂ ಸಾಹೇಬರು ಫೋನಿಗೆ ಬೀಗ ಹಾಕಿಯೇ ಊಟಕ್ಕೆ ಹೋಗುತ್ತಿದ್ದರು. ಅಲ್ಲಿನ ಟೆಲಿಫೋನ್ ಆಪರೇಟರ್ ಹುಡುಗಿಗೆ ಎರಡು ಮಸಾಲೆದೋಸೆ ತಿನ್ನಿಸಿ ನಾನೊಂದು ವಿದ್ಯೆ ಕಲಿತಿದ್ದೆ. ರಿಸೀವರ್ ಇಡುವ ಜಾಗದಲ್ಲಿ ಒತ್ತಿದರೆ ತಗ್ಗುವ ಗುಂಡಿ ಇರುತ್ತದಲ್ಲ, ಅದನ್ನೇ ಬೆರಳಿನಿಂದ ಬಡಿಯಬೇಕು. ಐದು ಬೇಕೆಂದರೆ ಐದು ಸಲ ಟಕಟಕ, ಚೂರು ತಡೆದು ಮುಂದಿನ ಅಂಕಿ. ಸೊನ್ನೆಗೆ ಹತ್ತು ಏಟು. ತಾಳ ತಪ್ಪಿದರೆ ಯಾರದೋ ಮನೆ. ನನ್ನದು ತಪ್ಪುತ್ತಿರಲಿಲ್ಲ. ತಬಲಾ ಕಲಿತಿದ್ದರೆ ದೊಡ್ಡ ಹೆಸರು ಮಾಡುತ್ತಿದ್ದೆ, ಪುಣ್ಯಕ್ಕೆ ತಬಲಾದವರು ಬದುಕಿಕೊಂಡರು.

ಶನಿವಾರ ನನಗೆ ಅರ್ಧ ದಿನ ಆಫೀಸು, ಕಾಕಾ ರಾತ್ರಿಯವರೆಗೆ ಅಂಗಡಿಯಲ್ಲಿ. ಕಾಕುವಿಗೆ ಕುರ್ಲಾದಲ್ಲಿರುವ ತಂಗಿಯ ಜೊತೆ ಮಾತಾಡುವ ಆಸೆ. ತಂಗಿಯ ಮನೆ ಕೆಳಗಿನ ಅಂಗಡಿಗೆ ನಾನು ಬೆರಳಿನಿಂದ ಬಡಿದು ಕೊಡುತ್ತಿದ್ದೆ, ಅಂಗಡಿಯವರು ತಂಗಿಯನ್ನು ಕರೆಯುತ್ತಿದ್ದರು. ಅಕ್ಕತಂಗಿಯರು ಮಾತಾಡುವಷ್ಟು ಹೊತ್ತು ನನ್ನೆದುರು ಅವಲಕ್ಕಿ ಚೂಡಾ. ಬೀಗ ಬೀಗದ ಪಾಡಿಗೆ ಜೋತಾಡುತ್ತಿತ್ತು. ರಾತ್ರಿ ಕಾಕಾ ಬಂದು ಅದನ್ನು ಮುಟ್ಟಿ ನೋಡಿ, "ಹಾಂ, ಭದ್ರ ಅದ" ಎನ್ನುವಾಗ ಕಾಕು ಒಳಗೆ ಹೋಗಿ ನಗುತ್ತಿದ್ದರಂತೆ.

ಆ ವರ್ಷ ಕಾಕಾನ ಮಗಳಿಗೆ ಪುಣೆಯ ಒಂದು ಸಂಬಂಧ ಬಂತು. ಹುಡುಗ ಬಂದು ನೋಡಿ ಹೋದ ಮೇಲೆ ಅವಳು ಸುಮ್ಮಸುಮ್ಮನೆ ಕಿಟಕಿಯ ಹತ್ತಿರ ನಿಲ್ಲತೊಡಗಿದಳು, ನಮಗೆಲ್ಲ ಅಷ್ಟರಲ್ಲೇ ಅರ್ಥವಾಯಿತು. ಕಾಕಾನಿಗೂ ಒಪ್ಪಿಗೆಯೇ. ಆದರೆ ವರನ ತಂದೆ ನೇರ ಮನುಷ್ಯ. ನೂಲಹುಣ್ಣಿಮೆಯ ದಿನ ಮಧ್ಯಾಹ್ನದ ಗಾಡಿಗೆ ಬೆಳಗಾವಿಯಲ್ಲಿ ಇನ್ನೊಂದು ಹೆಣ್ಣು ನೋಡಲು ಹೊರಡುವುದಾಗಿಯೂ, ಒಪ್ಪಿಗೆಯಿದ್ದರೆ ಅದಕ್ಕೂ ಮುಂಚೆ ಫೋನ್ ಮಾಡಬೇಕೆಂದೂ ತಿಳಿಸಿದ್ದರು. ಕಾಕಾನ ಹಟ ಏನೆಂದರೆ, ಇಂಥ ಮಾತು ಹೊಸ ಜನಿವಾರ ಹಾಕಿಕೊಂಡು ಶುದ್ಧವಾಗಿಯೇ ಆಡಬೇಕು.

ಹುಣ್ಣಿಮೆಯ ಬೆಳಿಗ್ಗೆ ಸ್ಟೇಷನ್ನಿನ ಆಚೆಯ ಒಂದು ಸಭಾಂಗಣದಲ್ಲಿ ಉಪಾಕರ್ಮ. ನಾನೂ ಕಾಕಾನ ಪಕ್ಕದಲ್ಲೇ ಕೂತಿದ್ದೆ. ಮಂತ್ರ ಹೇಳಿಸಿದರು, ಹೊಸದು ಹಾಕಿದೆವು, ಹಳೆಯದು ತೆಗೆದೆವು. ಹಳೆಯ ಜನಿವಾರಗಳನ್ನೆಲ್ಲ ಒಟ್ಟುಮಾಡಿ ಪುರೋಹಿತರು ಹಿತ್ತಿಲ ಬಾವಿಗೆ ಬಿಟ್ಟರು. ಮಳೆಯಲ್ಲಿ ನೆನೆಯುತ್ತ ಇಬ್ಬರೂ ಮನೆಗೆ ಬಂದೆವು.

ನಾನು ಪಂಚೆ ಹಿಂಡುತ್ತಿದ್ದೆ. ಎದುರು ಮನೆಯಿಂದ ಕೂಗು ಬಂತು.

"ಅಯ್ಯಯ್ಯೋ, ಕೀಲಿಕೈ! ಹಳೇ ಜನಿವಾರದ ಜೋಡಿ ಬಾವಿಗೆ ಹೋತಲ್ಲೋ!"

ಓಡಿದೆ. ಕಾಕಾ ಫೋನಿನ ಮುಂದೆ ಎದೆ ತಡವಿಕೊಳ್ಳುತ್ತ ನಿಂತಿದ್ದಾರೆ. ಮಗಳು ಪರದೆ ಹಿಡಿದುಕೊಂಡು ಗಡಿಯಾರ ನೋಡುತ್ತಿದ್ದಾಳೆ. ರಾಖಿ ಹಬ್ಬ, ಪೋಸ್ಟಾಫೀಸು ಬಂದ್. ಸ್ಟೇಷನ್ನಿನ ಹತ್ತಿರದ ಮೆಡಿಕಲ್ ಅಂಗಡಿಯ ಫೋನು ಮಳೆಗೆ ಸತ್ತು ವಾರವಾಗಿತ್ತು.

"ಸುತ್ತಿಗಿ ತಗೊಂಡು ಒಡೀಲೇನು?" ಎಂದರು ಕಾಕಾ. ಮರುಕ್ಷಣವೇ ತಾವೇ ಬೆಚ್ಚಿದರು. "ಬ್ಯಾಡ ಬ್ಯಾಡ. ಸರಕಾರದ ಮಾಲು. ಫೋನ್ ಒಡೀತಂದ್ರ ಏನ್ ಮಾಡ್ಲಿ? ಏ ತಮ್ಮಾ, ನೀ ಭಾಳ ಶಾಣ್ಯಾ ಅಂತ ಮೆರೀತಿಯಲ್ಲ, ಏನರ ಮಾಡೋ."

ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಕಾಕುವಿಗೂ ಗೊತ್ತಿತ್ತು. ಮಾಡಿದರೆ ನಮ್ಮ ಶನಿವಾರಗಳೆಲ್ಲ ಬೀದಿಗೆ ಬೀಳುತ್ತವೆ, ಬೈಗುಳ ತಿನ್ನಬೇಕಾದವರು ಕಾಕು. ನಾನು ಅವರ ಮುಖ ನೋಡಿದೆ. ಅವರು ನೆಲ ನೋಡಿದರು. ಪರದೆಯ ಹಿಂದಿನಿಂದ ಮೂಗು ಏರಿಸಿದ ಸದ್ದು ಕೇಳಿತು. ಕಾಕು ಸೆರಗು ಸಿಕ್ಕಿಸಿ ತಲೆ ಎತ್ತಿದರು.

"ಹೂಂ, ಮಾಡಪಾ. ಶನಿವಾರ ಮಾಡಿದಾಂಗ ಮಾಡು."

"ಶನಿವಾರ ಏನ್ ಮಾಡ್ತಾನಂವ?" ಎಂದರು ಕಾಕಾ.

"ಆಮ್ಯಾಲೆ ಬೈರಿ. ಮೊದಲ ನಂಬರ್ ಹೇಳ್ರಿ."

ಕುರ್ಲಾ ಬೇರೆ, ಪುಣೆ ಬೇರೆ. ಪುಣೆಗೆ ಸೊನ್ನೆಯಿಂದ ಶುರು, ಆಮೇಲೆ ಬಾಲದುದ್ದ ಅಂಕಿಗಳು. ನಾನು ಎಂದೂ ಅಷ್ಟು ದೂರ ಬಡಿದವನಲ್ಲ. ಹಾಗೆಂದು ಬಾಯಿ ಬಿಡುತ್ತೇನೆಯೇ? ಕೈ ಒರೆಸಿಕೊಂಡು ಕೂತೆ. ಬಡಿದೆ. ಅತ್ತ ಗಂಟೆ ಬಾರಿಸಿತು, ಯಾರೋ ಎತ್ತಿದರು. ಕಾಕಾ ರಿಸೀವರ್ ಕಿತ್ತುಕೊಂಡು ಒಂದೇ ಉಸಿರಿನಲ್ಲಿ, "ನಮಸ್ಕಾರ್ರೀ! ನಮಗ ಒಪ್ಪಿಗಿ ಅದ! ನಮ್ಮ ಹುಡುಗಿ ಇನ್ನ ನಿಮ್ಮಾಕಿ!" ಎಂದುಬಿಟ್ಟರು.

"ಕೋಣ್ ಪಾಯಿಜೆ?" ಯಾರು ಬೇಕಿತ್ತು ಎಂದು ಮರಾಠಿಯಲ್ಲಿ ಕೇಳಿತು ಒಂದು ಮುದಿ ಹೆಂಗಸಿನ ಧ್ವನಿ.

ಪರದೆಯ ಹಿಂದೆ ಅಳುತ್ತಿದ್ದವಳು ಕಿಸಕ್ಕೆಂದಳು.

"ನಿನ್ನ ಬೆರಳಿಗಿಷ್ಟು ಬೆಂಕಿ ಹಾಕ!" ಎಂದರು ಕಾಕಾ. ಜೀವನದಲ್ಲಿ ಮೊದಲ ಸಲ ನನ್ನ ತಾಳ ತಪ್ಪಿತ್ತು. ಆಗ ಕಾಕು ಪಕ್ಕದಲ್ಲಿ ಕೂತು, "ಅವಸರ ಮಾಡಬ್ಯಾಡ. ನಾ ಎಣಸ್ತೀನಿ, ನೀ ಬಡಿ" ಎಂದರು. ಒಂದು, ಎರಡು, ಮೂರು ಎನ್ನುತ್ತ ಪಗಡೆಯಾಟದಂತೆ ಎಣಿಸಿದರು. ಅವರ ದನಿಯ ಮೇಲೆ ನನ್ನ ಬೆರಳು ನಡೆಯಿತು. ಕಾಕಾ ಬಾಯಿ ತೆರೆದುಕೊಂಡು ಹೆಂಡತಿಯನ್ನೇ ನೋಡುತ್ತ ನಿಂತರು.

ಈ ಸಲ ಎತ್ತಿದವರು ವರನ ತಂದೆಯೇ. ಚೀಲ ಹೆಗಲಿಗೆ ಹಾಕಿ ಹೊಸ್ತಿಲು ದಾಟಿದ್ದರಂತೆ, ಗಂಟೆ ಕೇಳಿ ಒಳಗೆ ಬಂದರಂತೆ. ಕಾಕಾ ಮೊದಲು, "ಯಾರು ಮಾತಾಡೋದು?" ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಆಮೇಲೆ ಮಗಳನ್ನು ಕೊಟ್ಟರು.

ರಿಸೀವರ್ ಇಟ್ಟ ಕಾಕಾ ನಮ್ಮಿಬ್ಬರ ಕಡೆ ತಿರುಗಿದರು.

"ಎಂದಿನಿಂದ ನಡದದ ಇದು?"

"ನೀವು ಕೀಲಿ ಹಾಕಿದ ವಾರದಿಂದ" ಎಂದರು ಕಾಕು.

ಕಾಕಾ ಬಹಳ ಹೊತ್ತು ನನ್ನ ಬೆರಳನ್ನು ನೋಡಿದರು. ಬೈಯಲಿಲ್ಲ. "ಪಾಯಸ ಕುಡದು ಹೋಗು" ಎಂದರಷ್ಟೇ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮದುವೆಯ ಕರೆಯೋಲೆ ಅಚ್ಚಾಗುತ್ತಿದ್ದಂತೆ ಕಾಕಾ ನಮ್ಮ ಬಾಗಿಲಿಗೆ ಬಂದರು. "ಕೀಲಿಕೈ ಅಂತೂ ಬಾವ್ಯಾಗ ಹೋತು. ಬೀಗ ಒಡ್ಯಾಕ ಮನಸ್ಸಿಲ್ಲ. ನೀ ಅದೀಯಲ್ಲ!" ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಸೊಲ್ಲಾಪುರ. ಊರೂರಿನ ಬೀಗರು ಬಿಜ್ಜರಿಗೆಲ್ಲ ನಾನೇ ಬಡಿದೆ. ಆಫೀಸಿನಿಂದ ಬಂದು ಕಾಲು ತೊಳೆಯುವುದರೊಳಗೆ, "ಬಾರಪಾ, ಇನ್ನೊಬ್ಬ ಮಾಮಾ ಉಳದಾನ" ಎಂದು ಕರೆ. ಬೆರಳು ಬದನೆಕಾಯಿಯಂತೆ ಊದಿತು. ಆದರೂ ನನ್ನ ಜಂಭ ನೋಡಿ, ನಾನಿಲ್ಲದೆ ಈ ಮದುವೆಯೇ ಇಲ್ಲ ಎಂದು ಬಿಲ್ಡಿಂಗ್ ತುಂಬ ಹೇಳಿಕೊಂಡು ತಿರುಗಿದೆ.

ಮದುವೆ ಪುಣೆಯಲ್ಲಿ. ಊಟದ ಪಂಕ್ತಿಯಲ್ಲಿ ಕೂತಿದ್ದೆ. ಮದುಮಗಳು ಗಂಡನ ಜೊತೆ ಎಲ್ಲರನ್ನೂ ಮಾತಾಡಿಸುತ್ತ ಬಂದವಳು ನನ್ನ ಕಡೆ ಬಗ್ಗಿದಳು.

"ಅಣ್ಣಾ, ಒಂದು ಮಾತು. ಆ ಬೀಗಕ್ಕ ಎರಡು ಕೀಲಿಕೈ ಬಂದಿದ್ವು. ಎರಡನೇದು ಅಪ್ಪಗ ಹುಣ್ಣಿಮಿ ದಿವಸ ಸಂಜೀಕೇ ಕಪಾಟಿನಾಗ ಸಿಕ್ಕಿತ್ತು."

ತುತ್ತು ಕೈಯಲ್ಲೇ ಉಳಿಯಿತು. ಮುಂಬಯಿಯಲ್ಲಿ ಅಷ್ಟು ವರ್ಷ ಎಲ್ಲರನ್ನೂ ಮಂಗ ಮಾಡಿದವನು ನಾನು. ತಲೆ ಎತ್ತಿದರೆ ಕಾಕಾ ಪಂಕ್ತಿಯ ಆ ತುದಿಯಲ್ಲಿ ನಿಂತು ಬಡಿಸುವವನಿಗೆ ಕೂಗಿ ಹೇಳುತ್ತಿದ್ದರು.

"ಏ, ಅಲ್ಲಿ ಆ ಮೈಸೂರಿನಂವಗ ಹೋಳಿಗಿ ನೀನ ಮುರದು ಹಾಕೋ. ಪಾಪ, ಬೆರಳು ಮಡಚಾಕ ಬರೂದಿಲ್ಲ!"