ಮುಯ್ಯಿ ಬೇಡವೆಂದ ಪಟ್ಟಲಮ್ಮ

ಪಟ್ಟಲಮ್ಮನ ಮುಖ ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಈ ವನಜಾ ಯಾರನ್ನೋ ಹೊಗಳಲು ಕೂತಳು ಎಂದು ಯಾರೂ ತಿಳಿಯಬಾರದು. ಅವಳದು ನಮ್ಮ ಹಿತ್ತಲಿಗೆ ಅಂಟಿದ ಮನೆ. ಅರ್ಧ ಎಕರೆ ಹಿಪ್ಪುನೇರಳೆ, ರೇಷ್ಮೆಹುಳು ಸಾಕಲು ಶೀಟಿನ ಒಂದು ಕೊಠಡಿ, ಭಾನುವಾರ ಮಳವಳ್ಳಿಯ ಪ್ರಾರ್ಥನೆಗೆ ಉಟ್ಟು ಹೋಗಲು ಒಂದು ನೀಲಿ ಸೀರೆ. ಇಷ್ಟೇ ಆಸ್ತಿ. ಇಷ್ಟಿಟ್ಟುಕೊಂಡು ಇಡೀ ಊರನ್ನೇ ಬರೆಸಿಕೊಂಡವಳ ಹಾಗೆ ನಗುತ್ತಾ ಓಡಾಡುತ್ತಾಳೆ. ನನಗೆ ಉರಿಯುವುದು ಅದಕ್ಕೇ.

ಐದು ವರ್ಷದ ಹಿಂದೆ ಸೋಮನಹಳ್ಳಿ ಹತ್ತಿರ ಹೈವೇಯಲ್ಲಿ ಅವಳ ಗಂಡ ಕರಿಸಿದ್ದಯ್ಯನ ಸ್ಕೂಟರಿಗೆ ಲಾರಿ ತಗುಲಿತು. ಹನ್ನೊಂದು ದಿನ ಮಂಡ್ಯದ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಪಕ್ಕದ ಮಂಚದ ರೋಗಿಯ ತಾಯಿಯೊಬ್ಬಳು ಅಲ್ಲಿ ದಿನವೂ ಇವಳ ಕೈ ಹಿಡಿದು ಪ್ರಾರ್ಥನೆ ಮಾಡುತ್ತಿದ್ದಳಂತೆ. ತಿಥಿ ಮುಗಿದದ್ದೇ ತಡ, ಇವಳು ಯೇಸುವನ್ನು ಹಿಡಿದಳು. ಊರದೇವತೆ ಅಮ್ಮನ ಹೆಸರಿಟ್ಟುಕೊಂಡು ಆ ಅಮ್ಮನಿಗೇ ಕೈಮುಗಿಯುವುದನ್ನು ಬಿಟ್ಟಳು. ಪಟ್ಟಲಕ್ಕ ಎಂದು ಬಾಯ್ತುಂಬ ಕರೆಯುತ್ತಿದ್ದ ನಾನು ಅಂದಿನಿಂದ ದೂರದವಳನ್ನು ಕರೆದಂತೆ ಪಟ್ಟಲಮ್ಮ ಎನ್ನತೊಡಗಿದೆ.

"ಗಂಡನ್ನ ಉಳಿಸ್ಕೊಡದ ದೇವ್ರನ್ನ ಯಾಕೆ ಕಟ್ಕೊಂಡೆ?" ಎಂದು ಬೇಲಿಯ ಈಚೆಯಿಂದ ಒಮ್ಮೆ ಕೇಳಿಯೇಬಿಟ್ಟೆ.

"ಅವ್ರು ಒಂಟೋದ್ರು ಕಣಮ್ಮ," ಎಂದಳು. "ಆದ್ರೆ ಅಲ್ಲಿ ನಾನು ಒಬ್ಳೇ ಇರ್ನಿಲ್ಲ. ಈಗ್ಲೂ ಒಬ್ಳೇ ಇಲ್ಲ. ನಾನು ಬುಟ್ರೂ ಆ ದೇವ್ರು ನನ್ನ ಬುಡಾಕಿಲ್ಲ. ಅಷ್ಟು ಸಾಕು ನಂಗೆ."

ಸಾಕಂತೆ! ನಮ್ಮೂರಲ್ಲಿ ಯಾರಿಗೂ ಯಾವುದೂ ಸಾಕಾಗಿದ್ದು ನಾನು ಕಂಡಿಲ್ಲ. ಎಲ್ಲ ಸಾಕಾಗಿರುವವಳಿಗೆ ನಾವೇಕೆ ಬೇಕು ಎಂದು ನಲ್ಲಿಯ ಹತ್ತಿರ ಮೊದಲು ಬಾಯಿ ತೆಗೆದವಳು ನಾನೇ. ಅವಳ ಮನೆಗೆ ಮುಯ್ಯಿ ಹೋಗುವುದನ್ನು ಎಲ್ಲರೂ ನಿಲ್ಲಿಸಿದೆವು.

ರೇಷ್ಮೆ ಸಾಕುವವರಿಗೆ ಮುಯ್ಯಿ ಎಂದರೆ ಪ್ರಾಣ. ಇಂದು ನಿಮ್ಮನೆ ಕೆಲಸಕ್ಕೆ ನಾನು, ನಾಳೆ ನಮ್ಮನೆ ಕೆಲಸಕ್ಕೆ ನೀವು. ವಾರಗಟ್ಟಲೆ ಸೊಪ್ಪು ಹಾಕಿ ಬೆಳೆಸಿದ ಹುಳು ಹಣ್ಣಾಗುವುದು, ಅಂದರೆ ನೂಲು ಬಿಡಲು ಸಿದ್ಧವಾಗುವುದು, ಒಂದೇ ದಿನ. ಅಂದೇ ಒಂದೊಂದನ್ನೂ ಆಯ್ದು ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರು ತಟ್ಟಿಗೆ ಬಿಡಬೇಕು. ತಡವಾದರೆ ಸೊಪ್ಪಿನ ಮೇಲೆಯೇ ನೂಲು ಬಿಟ್ಟು ಹಾಳಾಗುತ್ತದೆ. ಹತ್ತು ಕೈ ಬೇಕೇ ಬೇಕು.

ಹೋದ ಶ್ರಾವಣದಲ್ಲಿ ಅವಳ ಹುಳು ಹಣ್ಣಾಯಿತು. ವಾಡಿಕೆಯಂತೆ ಮನೆಮನೆಯ ಬಾಗಿಲಲ್ಲೂ ನಿಂತು ಕರೆದಳು.

"ನಿಮ್ಮ ಯೇಸುನ ಕರ್ಕೊ ಓಗು, ಬಂದು ಆಯ್ಲಿ," ಎಂದೆ.

ಬೀದಿಯೆಲ್ಲ ನಕ್ಕಿತು. ಅವಳ ಕಣ್ಣು ತುಂಬಿದ್ದನ್ನು ನೋಡಿದೆ. ನನಗೆ ಒಳಗೊಳಗೇ ಹಿಗ್ಗಾಯಿತು.

"ಕರ್ದಿವ್ನಿ ಕಣಮ್ಮ. ಕೈಯಿ ಮಾತ್ರ ನಂದೇ ಅಲ್ವಾ," ಎಂದು ಹೋದಳು.

ಸಂಜೆಯವರೆಗೂ ಒಬ್ಬಳೇ ಆಯ್ದಳು. ಅರ್ಧಕ್ಕರ್ಧ ಹಾಳಾಯಿತು. ಮರುದಿನ ಬೆಳಿಗ್ಗೆ ನೋಡಿದರೆ ತೋಟದಲ್ಲಿ ಕಳೆ ಕೀಳುತ್ತಾ ಏನೋ ಹಾಡಿಕೊಳ್ಳುತ್ತಿದ್ದಾಳೆ! ನಮಗೆ ಹಿಡಿಶಾಪ ಹಾಕಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ನಮ್ಮ ಬುದ್ಧಿವಂತಿಕೆ ಬಯಲಾದದ್ದು ಕಾರ್ತಿಕದಲ್ಲಿ. ಒಂದೇ ಗಾಡಿಯಲ್ಲಿ ತಂದರೆ ಬಾಡಿಗೆ ಉಳಿಯುತ್ತದೆಂದು ನಾವು ಐದು ಮನೆಯವರು ಮರಿಹುಳುಗಳನ್ನು ಒಂದೇ ದಿನ ತಂದುಕೊಂಡೆವು. ಒಂದೇ ದಿನ ತಂದ ಹುಳು ಒಂದೇ ದಿನ ಹಣ್ಣಾಗುತ್ತದೆಂದು ಒಬ್ಬರ ತಲೆಗೂ ಹೊಳೆಯಲಿಲ್ಲ. ಯಾರು ಯಾರ ಮನೆಗೆ ಮುಯ್ಯಿ ಹೋಗುವುದು? ನಮ್ಮಲ್ಲಿ ನಾನು, ನನ್ನ ಗಂಡ ಶಿವು, ಮಂಡಿನೋವಿನ ಅತ್ತೆ ಹೊಂಬಾಳಮ್ಮ, ಮೂವರೇ. ತಟ್ಟೆ ತಟ್ಟೆಯಲ್ಲೂ ಹಳದಿ ತಿರುಗಿದ ಹುಳು ತಲೆ ಎತ್ತಿ ಆಡಿಸುತ್ತಿದ್ದವು. ಹತ್ತು ಗಂಟೆಯ ಹೊತ್ತಿಗೆ ನನಗೆ ಅಳು ಬರುವಂತಾಯಿತು.

ಆಗ ಬಾಗಿಲಲ್ಲಿ ಕಾಲು ತೊಳೆದುಕೊಂಡು ನಿಂತಿದ್ದಳು ಪಟ್ಟಲಮ್ಮ.

"ಯಾರು ಕರದ್ರು ನಿನ್ನ?" ಎಂದು ರೇಗಿದೆ.

"ಹುಳ ಹಣ್ಣಾಗವೆ ಕಣಮ್ಮ. ಬಯ್ಯೋದ ಸಂಜೆಗೆ ಬಯ್ಯಿವಂತೆ, ಜರುಗು."

ಹೊತ್ತು ಮುಳುಗುವವರೆಗೂ ಆಯ್ದಳು. ಅವಳಷ್ಟು ಚುರುಕು ಕೈ ನಮ್ಮೂರಲ್ಲಿ ಇನ್ನೊಂದಿಲ್ಲ, ಒಪ್ಪಬೇಕು. ನಮ್ಮ ಬೆಳೆ ಉಳಿಯಿತು. ಹೊರಟವಳನ್ನು ತಡೆದು, "ನಿನ್ನ ಹುಳ ಹಣ್ಣಾದಾಗ ಮುಯ್ಯಿಗೆ ಬತ್ತೀನಿ," ಎಂದೆ ಬಿರುಸಾಗಿ. ಯಾರ ಹಂಗಿನಲ್ಲೂ ಇರುವ ಜಾಯಮಾನ ನನ್ನದಲ್ಲ.

"ಮುಯ್ಯಿಗಾದ್ರೆ ಬರಬ್ಯಾಡ ಕಣಮ್ಮ," ಎಂದಳು. "ದೇವ್ರಿಂದ ನಂಗೆ ಸಿಕ್ಕಿರೋ ಪ್ರೀತಿ ಮುಯ್ಯಿಗೆ ಸಿಕ್ಕಿದ್ದಲ್ಲ. ಬರಂಗಿದ್ರೆ ಸುಮ್ನೆ ಬಾ."

ಮೈಯೆಲ್ಲ ಉರಿದುಹೋಯಿತು. ನಾನೇನು ಅವಳ ಮನೆ ಮುಂದೆ ಸೆರಗೊಡ್ಡಿ ನಿಂತಿದ್ದೆನೇ? ಅಂದಿನಿಂದ ಮಾತು ಬಿಟ್ಟೆ. ಅವಳು ಮಾತ್ರ ದಿನವೂ ಬೇಲಿಯ ಆಚೆಯಿಂದ, "ಉಂಡ್ಯೇನಮ್ಮ?" ಎಂದು ಕೇಳುವುದನ್ನು ಬಿಡಲಿಲ್ಲ.

ಹೋದ ಮಂಗಳವಾರ ಅವಳ ಹುಳು ಹಣ್ಣಾಯಿತು. ಮತ್ತೆ ಬೀದಿಗೆ ಬಂದು ಕರೆದಳು. ನಲ್ಲಿಯ ಹತ್ತಿರವಿದ್ದ ಭಾಗ್ಯಲಕ್ಷ್ಮಿ ನನ್ನ ಮಾತನ್ನೇ ಎತ್ತಿ ಆಡಿದಳು: "ನಿಮ್ಮ ಯೇಸುನ ಕರ್ಕೊ ಓಗು!" ಎಲ್ಲರೂ ನಕ್ಕು ನನ್ನ ಕಡೆ ನೋಡಿದರು. ನನ್ನದೇ ಮಾತು ಬೇರೆಯವರ ಬಾಯಲ್ಲಿ ಕೇಳಿ ನನಗೆ ನಾಚಿಕೆಯಾಯಿತು. ಕೊಡ ಅಲ್ಲೇ ಇಳಿಸಿ, ಸೆರಗು ಸಿಕ್ಕಿಸಿಕೊಂಡು ಅವಳ ಹಿಂದೆ ನಡೆದೆ.

"ಮುಯ್ಯಿ ತೀರ್ಸಕೆ ಓಯ್ತಿದ್ದೀಯೇನೇ ವನಜಾ?" ಭಾಗ್ಯಲಕ್ಷ್ಮಿ ಕೂಗಿದಳು.

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮುಯ್ಯಿ ತೀರಿಸಲು ಹೋಗುವವಳನ್ನು ಊರಲ್ಲಿ ಯಾರೂ ಏನೂ ಅನ್ನುವಂತಿಲ್ಲ.

"ಇಲ್ಲ ಕಣೇ, ಸುಮ್ನೆ ಓಯ್ತಾ ಇವ್ನಿ," ಎಂದೆ.

ಯಾರೂ ನಗಲಿಲ್ಲ. ಇನ್ನು ನಮ್ಮ ಮನೆಗೂ ಯಾರೂ ಮುಯ್ಯಿ ಬರುವುದಿಲ್ಲ ಎಂಬುದು ಅವರ ಮುಖ ನೋಡಿಯೇ ಗೊತ್ತಾಯಿತು. ಮುಂದೆ ಹೋಗುತ್ತಿದ್ದ ಪಟ್ಟಲಕ್ಕ ತಿರುಗಿ ನೋಡಿ, ಅದೇ ಹಾಳು ನಗು ನಕ್ಕಳು.