ಮಳೆ ಬಂದದ್ದು ಕೊನೆಯ ಸಾಲಿನಲ್ಲಿ

ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು ನಮ್ಮ ಅತ್ತೆಯ ಬೆರಳ ತುದಿಗಳು ಕಪ್ಪು ಹಸಿರಾಗಿದ್ದವು. ಸೀಗೆಪುಡಿಯಲ್ಲಿ ತಿಕ್ಕಿದರೂ ಬಣ್ಣ ಬಿಡುತ್ತಿರಲಿಲ್ಲ. ಮಕ್ಕಳೇ, ಅವರು ನಿಮ್ಮ ತಾತನ ಅವ್ವ. ಅಕ್ಷರ ಬಾರದವರು. ಪದ್ಯ ಓದುವುದನ್ನು ನನಗೆ ಕಲಿಸಿದವರು ಅವರೇ.

ನಾನು ರಾಯದುರ್ಗದ ಕಡೆಯವಳು. ಮಡಕಶಿರದ ಹತ್ತಿರದ ಈ ಹಳ್ಳಿಗೆ ಸೊಸೆಯಾಗಿ ಬರುವವರೆಗೆ ರೇಷ್ಮೆ ಹುಳು ಕಂಡವಳಲ್ಲ. ಬಂದ ವಾರದಲ್ಲೇ ಒಂದು ಮಧ್ಯಾಹ್ನ ಜೊಂಪಿನಲ್ಲಿದ್ದೆ. ಮಳೆ ಸುರಿಯುವ ಸದ್ದು ಕೇಳಿ, ಅಂಗಳದಲ್ಲಿ ಒಣಗಿಸಿದ್ದ ಕಡಲೆಕಾಯಿ ಮುಚ್ಚಲು ಓಡಿದೆ. ಅತ್ತೆ ಏನೂ ಕೇಳದೆ ಬಂದು ಟಾರ್ಪಾಲಿನ ಇನ್ನೊಂದು ತುದಿ ಹಿಡಿದರು. ಮುಚ್ಚಿದ ಮೇಲೆ ತಲೆಯೆತ್ತಿದರೆ ಒಂದು ಮೋಡವೂ ಇಲ್ಲ.

"ಹುಳ ಸೊಪ್ಪು ತಿನ್ನೋ ಸದ್ದು ಕಣಮ್ಮಿ," ಎಂದರು ಮೆಲ್ಲಗೆ. "ಟಾರ್ಪಾಲು ಈಗ್ಲೇ ತೆಗೀಬೇಡ, ನೋಡಿದೋರು ನಗ್ತಾರೆ."

ಹತ್ತನೇ ತರಗತಿ ಪಾಸಾದರೆ ನನಗೆ ಊರಿನ ಅಂಗನವಾಡಿಯ ಕೆಲಸ ಸಿಗುವುದಿತ್ತು. ಪರೀಕ್ಷೆಗೆ ಕಟ್ಟಿ ಎರಡು ಸಲ ಕನ್ನಡದಲ್ಲೇ ಬಿದ್ದಿದ್ದೆ. ಪಾಠದಲ್ಲಿಲ್ಲದ ಒಂದು ಪದ್ಯ ಕೊಟ್ಟು ಅದರ ಆಶಯ ಬರೆಯಿರಿ ಎನ್ನುತ್ತಿದ್ದರು. ಗಿಡವೋ ಹೊಳೆಯೋ ಕಂಡರೆ ಸಾಕು, ಗೈಡಿನಲ್ಲಿದ್ದಂತೆ 'ಪ್ರಕೃತಿಯ ಸೊಬಗು' ಎಂದು ಬರೆದು ಬರುತ್ತಿದ್ದೆ. ಮೂರನೆಯದೇ ಕೊನೆಯ ಸಲ ಎಂದಿದ್ದರು ನಿಮ್ಮ ತಾತ.

ಒಂದು ದಿನ ಹುಳುಮನೆಯಲ್ಲಿ ಅತ್ತೆ ಸೊಪ್ಪು ಹರಡುತ್ತಿದ್ದಾಗ, ಮಳೆಯ ಮೇಲಿನ ಪದ್ಯವೊಂದನ್ನು ಗಟ್ಟಿಯಾಗಿ ಓದಿದೆ. ಇನ್ನೊಮ್ಮೆ ಓದಿಸಿದರು. ಹುಳುಗಳ ತಟ್ಟೆಗಳ ತುಂಬ ಆ ಸಣ್ಣ ಮಳೆಯ ಸದ್ದು. ನಾವಿಬ್ಬರೂ ಅದರೊಳಗೆ ತೋಯದೆ ನಿಂತಿದ್ದಂತೆ ಈಗಲೂ ಅನಿಸುತ್ತದೆ.

"ಮಳೆ ಎಷ್ಟು ಸಾಲಿನಾಗೈತೆ?" ಎಂದು ಕೇಳಿದರು.

"ಒಂದರಾಗ್ರಿ. ಕಡೀ ಸಾಲಿನಾಗ."

"ಮಿಕ್ಕಿದ್ರಾಗೆ ಯಾರವ್ರೆ?"

ಬಿರುಕು ಬಿಟ್ಟ ನೆಲ, ಕತ್ತೆತ್ತಿದ ಕುರಿ, ಬಾಗಿಲಲ್ಲಿ ಕೂತ ಮುದುಕಿ ಎಂದೆ.

"ಹಂಗಾದ್ರೆ ಮಳೆ ಪದ ಹೆಂಗಾಯ್ತದೆ? ಕಾಯೋರ ಪದ ಅದು. ನೀನು ಚೆಂದ ಚೆಂದ ಅಂತ ಬರ್ದ್ರೆ ಆ ಮುದುಕಿಗೇನು ಸಿಕ್ತು?"

ಮೂರನೆಯ ಸಲ ಬಂದದ್ದು ಬೆಟ್ಟದ ಪದ್ಯ. ಗೈಡಿನ ಮಾತು ಪೆನ್ನಿನ ತುದಿಗೇ ಬಂದಿತ್ತು. ತಡೆದು, ಸಾಲುಗಳಲ್ಲಿ ಯಾರಿದ್ದಾರೆಂದು ಹುಡುಕಿದೆ. ಬಂಡೆಯ ಸಂದಿಯಲ್ಲಿ ಬೇರು ಬಿಟ್ಟ ಒಂದು ಸಣ್ಣ ಗಿಡವೇ ಎಲ್ಲ ಸಾಲಿನಲ್ಲೂ ಇತ್ತು. 'ಬದುಕಲು ಅಷ್ಟೇ ಜಾಗ ಸಾಕು ಎನ್ನುವುದು ಆಶಯ' ಎಂದು ನನ್ನದೇ ಮಾತಿನಲ್ಲಿ ಬರೆದೆ.

ಪಾಸಾದೆ. ಅತ್ತೆ ಅಂಕ ಕೇಳಲಿಲ್ಲ, ಆ ಗಿಡ ಯಾವುದು ಎಂದು ಕೇಳಿದರು. ಪದ್ಯದಲ್ಲಿ ಹೆಸರಿರಲಿಲ್ಲ ಎಂದೆ. ತುಸು ಯೋಚಿಸಿ, ಆಲ ಇರಬೇಕು ಎಂದರು.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ, ತೋಟಕ್ಕೆ ಹೋದ ಅತ್ತೆ ಸೊಪ್ಪಿನ ಹೊರೆಗೆ ಒರಗಿದಂತೆಯೇ ಹೋಗಿಬಿಟ್ಟರು. ಆಮೇಲೆ ಎಷ್ಟೋ ವರ್ಷ ಊರವರೆಲ್ಲ ನನ್ನನ್ನು ಟೀಚರಮ್ಮ ಎಂದು ಕರೆದರು. ಹಾಗೆ ಕರೆದಾಗಲೆಲ್ಲ ಹಿಂದಕ್ಕೆ ತಿರುಗಿ ನೋಡುತ್ತಿದ್ದೆ, ಅತ್ತೆಯನ್ನು ಕರೆದರೇನೋ ಎಂದು.